‘ಇನ್ನರ್‌ಮೋಸ್ಟ್’ ಪದವನ್ನು ಅರ್ಥ ಮಾಡಿಕೊಂಡು ಬಳಸುವುದು ಹೇಗೆ: ಕಾಸರಗೋಡಿನ ಟೀಚರೊಬ್ಬರ ಸಮಗ್ರ ಮಾರ್ಗದರ್ಶಿ

ಹೋದ ಮಳೆಗಾಲದಲ್ಲಿ ಹತ್ತನೆಯ ಕ್ಲಾಸಿನ ಹುಡುಗಿಯೊಬ್ಬಳು ಇಂಗ್ಲಿಷ್ ನೋಟ್‌ಬುಕ್ ಹಿಡಿದುಕೊಂಡು ನಮ್ಮ ಮನೆಯ ಚಾವಡಿಗೆ ಬಂದಳು. ಒಂದು ವಾಕ್ಯದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು. ‘ಶಿ ರೋಟ್ ಹರ್ ಇನ್ನರ್‌ಮೋಸ್ಟ್ ಥಾಟ್ಸ್ ಇನ್ ಎ ಡೈರಿ.’ ಅದರ ಪಕ್ಕದಲ್ಲೇ ಅವಳ ಅನುವಾದ ಇತ್ತು. ‘ಅವಳು ತನ್ನ ಅತ್ಯಂತ ಒಳಗಿನ ಯೋಚನೆಗಳನ್ನು ಡೈರಿಯಲ್ಲಿ ಬರೆದಳು.’

ಡಿಕ್ಷನರಿ ನೋಡಿಯೇ ಬರೆದದ್ದು. ಪದಕ್ಕೆ ಪದ ಸರಿ ಇದೆ. ಆದರೂ ಅವಳಿಗೆ ಸಮಾಧಾನ ಇರಲಿಲ್ಲ. ‘ಟೀಚರೇ, ಹೀಗೆ ಯಾರೂ ಮಾತಾಡುವುದಿಲ್ಲ ಅಲ್ವಾ?’ ಅಂದಳು.

ನಿಜ, ಯಾರೂ ಮಾತಾಡುವುದಿಲ್ಲ. ಅವಳ ಆ ಅಸಮಾಧಾನ ನನಗೆ ತುಂಬ ಇಷ್ಟವಾಯಿತು. ಅರ್ಥ ಗೊತ್ತಾದ ಮೇಲೂ ‘ಇದು ನಮ್ಮ ಮಾತಲ್ಲ’ ಅಂತ ಅನಿಸುವುದಿದೆಯಲ್ಲ, ಭಾಷೆ ಕಲಿಯುವವರಿಗೆ ಬೇಕಾದದ್ದು ಅದೇ. ಆವತ್ತು ಅವಳಿಗೆ ಹೇಳಿದ್ದನ್ನು ಇನ್ನಷ್ಟು ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಕಲಿಯುವ ಮಕ್ಕಳಿಗೆ, ಕಲಿಸುವವರಿಗೆ, ಅನುವಾದ ಮಾಡುವವರಿಗೆ ಇದು ಉಪಯೋಗಕ್ಕೆ ಬರಬೇಕು.

ನಮ್ಮದು ಬದಿಯಡ್ಕ ಕಡೆಯ ಊರು. ಇಲ್ಲಿ ಮನೆಯಲ್ಲಿ ತುಳುವೋ ಹವ್ಯಕವೋ ಇರುತ್ತದೆ, ಶಾಲೆಯಲ್ಲಿ ಪುಸ್ತಕದ ಕನ್ನಡ, ಬಸ್ಸಿನಲ್ಲಿ ಮಲಯಾಳ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಆಫೀಸಿನ ಕೆಲಸಕ್ಕೂ ಮಲಯಾಳ ಬೇಕಾಯಿತು. ಇಷ್ಟು ಭಾಷೆಗಳ ನಡುವೆ ಇಂಗ್ಲಿಷ್ ಕಲಿಯುವುದು ಕಷ್ಟ ಎಂದು ತುಂಬ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಭಾಷೆಯಲ್ಲಿ ಸಿಗದ ಹಿಡಿ ಇನ್ನೊಂದರಲ್ಲಿ ಸಿಗುತ್ತದೆ. ಈ ಪದದ ವಿಷಯದಲ್ಲಂತೂ ಹಾಗೆಯೇ ಆಯಿತು.

ಮೊದಲ ಹೆಜ್ಜೆ: ಒಂದು ಬಾಳೆದಿಂಡು ಸುಲಿಯಿರಿ

ಪುಸ್ತಕ ಬದಿಗಿಡಿ. ತೋಟದಲ್ಲಿ ಗೊನೆ ಕಡಿದ ಬಾಳೆ ಇದ್ದರೆ ಅದರ ಒಂದು ಮೊಳ ಉದ್ದದ ತುಂಡು ತನ್ನಿ.

ಹೊರಗಿನ ಪದರ ಒಣಗಿ ಕಂದಾಗಿರುತ್ತದೆ. ಅದನ್ನು ಎಳೆದರೆ ಸುಮ್ನೆ ಬಂದುಬಿಡುತ್ತದೆ. ಅದರ ಒಳಗೆ ಹಸಿರು ಬಣ್ಣದ ಪದರ. ಅದರೊಳಗೆ ಬಿಳಿಯದು. ಅಡ್ಡ ಕೊಯ್ದು ನೋಡಿದರೆ ಅದರಲ್ಲಿ ಜೇನುಗೂಡಿನ ಹಾಗೆ ಕಿಂಡಿ ಕಿಂಡಿ ಕಾಣುತ್ತದೆ. ಹೀಗೆ ಸುಲಿಯುತ್ತಾ ಹೋದರೆ ಒಂದು ಕಡೆ ಬೆರಳು ನಿಲ್ಲುತ್ತದೆ. ಇನ್ನು ಸುಲಿಯಲು ಪದರ ಇಲ್ಲ. ನುಣುಪಾದ, ತಣ್ಣಗಿನ, ಬಿಳಿಯ ದಿಂಡು ಮಾತ್ರ ಕೈಯಲ್ಲಿರುತ್ತದೆ. ಪಲ್ಯಕ್ಕೆ ಆಗುವುದು ಇದೇ. ಬಿಲ್ಲೆ ಬಿಲ್ಲೆಯಾಗಿ ಹೆಚ್ಚುವಾಗ ನಾರು ಬರುತ್ತದೆ, ಅದನ್ನು ಬೆರಳಿಗೆ ಸುತ್ತಿ ಸುತ್ತಿ ತೆಗೆಯುತ್ತೇವೆ. ಕಪ್ಪಾಗದಿರಲಿ ಎಂದು ಮಜ್ಜಿಗೆ ನೀರಿಗೆ ಹಾಕುತ್ತೇವೆ.

ಈಗ ಪದಗಳಿಗೆ ಬನ್ನಿ. ಎರಡನೆಯ ಪದರ, ಮೂರನೆಯ ಪದರ, ನಾಲ್ಕನೆಯದು, ಇವೆಲ್ಲ ‘ಇನ್ನರ್’. ಹೊರಗಿನದಕ್ಕಿಂತ ಒಳಗೆ ಇವೆ, ಅಷ್ಟೇ. ಕೊನೆಗೆ ಕೈಯಲ್ಲಿ ಉಳಿದ ದಿಂಡು ‘ಇನ್ನರ್‌ಮೋಸ್ಟ್’. ಅದಕ್ಕಿಂತ ಒಳಗೆ ಇನ್ನೇನೂ ಇಲ್ಲ.

ಇಲ್ಲಿಂದ ಎರಡು ವಿಷಯ ಸಿಗುತ್ತವೆ. ಒಂದು, ಇದು ಮೊದಲು ಜಾಗ ಹೇಳುವ ಪದ. ಭಾವನೆಯ ಮಾತು ಆಮೇಲೆ ಬಂತು. ಎರಡು, ಸುತ್ತ ಪದರಗಳು ಇದ್ದರೆ ಮಾತ್ರ ಈ ಪದಕ್ಕೆ ಬೆಲೆ. ಪದರವೇ ಇಲ್ಲದ ಕಡೆ ಇನ್ನರ್‌ಮೋಸ್ಟ್ ಎಂದರೆ ಕೇಳುವವರಿಗೆ ಏನೂ ಕಾಣುವುದಿಲ್ಲ.

ಎರಡನೆಯ ಹೆಜ್ಜೆ: ಪದವನ್ನೂ ಬಿಡಿಸಿ ನೋಡಿ

‘ಇನ್’ ಎಂದರೆ ಒಳಗೆ. ‘ಇನ್ನರ್’ ಎಂದರೆ ಹೆಚ್ಚು ಒಳಗಿನ. ಅದಕ್ಕೆ ‘ಮೋಸ್ಟ್’ ಸೇರಿದರೆ ಎಲ್ಲಕ್ಕಿಂತ ಒಳಗಿನ.

ಇದರ ಹಿಂದೆ ಒಂದು ಚಂದದ ಕತೆ ಇದೆ. ಹಳೆಯ ಇಂಗ್ಲಿಷಿನಲ್ಲಿ ‘ಇನ್ನೆಮೆಸ್ಟ್’ ಎಂಬ ಪದ ಇತ್ತು. ಅದರ ಕೊನೆಯ ‘ಮೆಸ್ಟ್’ ಅನ್ನುವುದು ಎರಡು ಹಳೆಯ ಪ್ರತ್ಯಯಗಳು ಕೂಡಿ ಆದದ್ದು. ಎರಡಕ್ಕೂ ‘ಎಲ್ಲಕ್ಕಿಂತ’ ಎಂಬ ಅರ್ಥವೇ. ಕಾಲ ಹೋದ ಹಾಗೆ ಜನರ ಕಿವಿಗೆ ಅದು ‘ಮೋಸ್ಟ್’ ಎಂದೇ ಕೇಳಿಸಿತು, ಹಾಗೆಯೇ ಬರೆದರು. ‘ಇನ್‌ಮೋಸ್ಟ್’ ಎಂಬ ಪದ ಹೀಗೆ ಬಂತು. ಆಮೇಲೆ ‘ಇನ್ನರ್’ಗೆ ನೇರವಾಗಿ ‘ಮೋಸ್ಟ್’ ಹಚ್ಚಿ ‘ಇನ್ನರ್‌ಮೋಸ್ಟ್’ ಮಾಡಿಕೊಂಡರು. ಇವೆರಡಕ್ಕೆ ಅರ್ಥದಲ್ಲಿ ವ್ಯತ್ಯಾಸ ಇಲ್ಲ ಎನ್ನಬಹುದು. ಇನ್‌ಮೋಸ್ಟ್ ಸ್ವಲ್ಪ ಕಾವ್ಯದ ಕಡೆಗೆ ವಾಲುತ್ತದೆ. ಪರೀಕ್ಷೆಗೆ, ಪತ್ರಕ್ಕೆ ಇನ್ನರ್‌ಮೋಸ್ಟ್ ಸಾಕು.

ಆಫೀಸಿಗೆ ಬರೆಯುವ ಪತ್ರಗಳಲ್ಲಿ ಬರುವ ‘ಅಟ್‌ಮೋಸ್ಟ್’ ಕೂಡ ಇದೇ ಮನೆಯ ಪದ. ಅದರ ಮೂಲದಲ್ಲಿರುವುದು ‘ಔಟ್’, ಅಂದರೆ ಹೊರಗೆ. ತೀರಾ ಹೊರ ಅಂಚಿನದು ಎಂಬ ಅರ್ಥದಿಂದ ಹೊರಟು ಈಗ ‘ಆದಷ್ಟೂ ಹೆಚ್ಚಿನ’ ಎಂಬಲ್ಲಿಗೆ ಬಂದು ನಿಂತಿದೆ. ಒಳಗಿನದಕ್ಕೆ ಒಂದು ಮೋಸ್ಟ್, ಹೊರಗಿನದಕ್ಕೆ ಒಂದು ಮೋಸ್ಟ್.

ಕನ್ನಡದಲ್ಲಿ ಇಂಥದ್ದು ಇಲ್ಲವೇ? ಇದೆ, ಆದರೆ ನಾವು ಪದದ ತಲೆಗೆ ಹಚ್ಚುತ್ತೇವೆ. ಮೊಟ್ಟಮೊದಲು, ಕಟ್ಟಕಡೆ, ನಟ್ಟನಡು, ತುತ್ತತುದಿ. ಇಂಗ್ಲಿಷಿನವರು ಬಾಲಕ್ಕೆ ಹಚ್ಚುತ್ತಾರೆ. ಫೋರ್‌ಮೋಸ್ಟ್, ಹೈಂಡ್‌ಮೋಸ್ಟ್, ಟಾಪ್‌ಮೋಸ್ಟ್. ಎರಡು ಕಡೆಯೂ ಈ ಗುಟ್ಟು ಹೆಚ್ಚಾಗಿ ಜಾಗ ಹೇಳುವ ಪದಗಳಿಗೇ ಸಿಕ್ಕಿದೆ ನೋಡಿ. ಮಕ್ಕಳಿಗೆ ಇದನ್ನು ಹೇಳಿದರೆ ಅವರ ಮುಖ ಅರಳುತ್ತದೆ. ಆದರೆ ‘ಒಳ’ ಎಂಬುದಕ್ಕೆ ಮಾತ್ರ ಕನ್ನಡ ಹೀಗೆ ಮಾಡಲಿಲ್ಲ. ‘ಒಳಗೊಳಗೆ’ ಎಂದು ಎರಡು ಸಲ ಹೇಳುತ್ತೇವೆ, ಆದರೆ ಅದರ ಅರ್ಥ ‘ಯಾರಿಗೂ ಗೊತ್ತಾಗದ ಹಾಗೆ’ ಎಂದು. ಅನುವಾದದಲ್ಲಿ ಸಿಕ್ಕಿಬೀಳುವುದು ಇಲ್ಲಿಯೇ. ಅದಕ್ಕೆ ಆಮೇಲೆ ಬರುತ್ತೇನೆ.

ಪದದೊಳಗೇ ‘ಮೋಸ್ಟ್’ ಇರುವುದರಿಂದ ಮುಂದೆ ಇನ್ನೊಂದು ‘ಮೋಸ್ಟ್’ ಬೇಡ, ‘ಮೋರ್’ ಕೂಡ ಬೇಡ. ‘ಮೋಸ್ಟ್ ಇನ್ನರ್‌ಮೋಸ್ಟ್’ ಎಂದರೆ ‘ಎಲ್ಲಕ್ಕಿಂತ ಎಲ್ಲಕ್ಕಿಂತ ಒಳಗಿನ’ ಎಂದ ಹಾಗೆ.

ಉಚ್ಚಾರದ ಬಗ್ಗೆ ಎರಡೇ ಮಾತು. ಒತ್ತು ಮೊದಲ ‘ಇ’ ಮೇಲೆ ಬೀಳಬೇಕು. ಸ್ಪೆಲಿಂಗಿನಲ್ಲಿ ಎರಡು ‘ಎನ್’ ಇದ್ದರೂ ಇಂಗ್ಲಿಷಿನವರ ಬಾಯಲ್ಲಿ ಕೇಳುವುದು ಒಂದೇ. ನಮಗೆ ಕತೆ ಬೇರೆ, ಕತ್ತೆ ಬೇರೆ. ಒತ್ತಕ್ಷರ ಬಂದರೆ ಅರ್ಥವೇ ಬದಲು. ಹಾಗಾಗಿ ಎರಡು ಅಕ್ಷರ ಕಂಡ ಕೂಡಲೇ ನಾಲಗೆ ಒತ್ತಿಬಿಡುತ್ತದೆ. ಸ್ವಲ್ಪ ಹಗುರ ಮಾಡಿ, ಸಾಕು.

ಮೂರನೆಯ ಹೆಜ್ಜೆ: ‘ಯಾವುದರಲ್ಲಿ?’ ಎಂದು ಕೇಳಿ

ಇನ್ನರ್‌ಮೋಸ್ಟ್ ಎಂದು ಬರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಯಾವ ಗುಂಪಿನಲ್ಲಿ ಎಲ್ಲಕ್ಕಿಂತ ಒಳಗಿನದು?

ಸೌರಮಂಡಲದ ಗ್ರಹಗಳಲ್ಲಿ ಬುಧ ಇನ್ನರ್‌ಮೋಸ್ಟ್. ಇದರಲ್ಲಿ ಗೊಂದಲ ಇಲ್ಲ. ಗುರುಗ್ರಹದ ಚಂದ್ರರ ವಿಷಯ ನೋಡಿ. ಗೆಲಿಲಿಯೊ 1610ರಲ್ಲಿ ಕಂಡ ನಾಲ್ಕು ಚಂದ್ರರಲ್ಲಿ ಅಯೋ ಎಲ್ಲಕ್ಕಿಂತ ಒಳಗಿನದು. ಆದರೆ ಗುರುವಿನ ಎಲ್ಲ ಚಂದ್ರರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಜಾಗ ಮೆಟಿಸ್‌ನದು. ಅದು ಗೊತ್ತಾದದ್ದು 1979ರಲ್ಲಿ, ವೊಯೇಜರ್ ನೌಕೆ ಕಳಿಸಿದ ಚಿತ್ರಗಳಿಂದ. ಹಾಗಾಗಿ ಬರೀ ‘ಅಯೋ ಈಸ್ ದಿ ಇನ್ನರ್‌ಮೋಸ್ಟ್ ಮೂನ್’ ಎಂದು ಬರೆದರೆ ತಪ್ಪು. ಆ ನಾಲ್ಕರಲ್ಲಿ ಎಂದು ಸೇರಿಸಿದರೆ ಸರಿ.

ಮಂಗಳಕ್ಕೆ ಇರುವುದು ಎರಡೇ ಚಂದ್ರ, ಫೋಬೋಸ್ ಮತ್ತು ಡೀಮೋಸ್. ಎರಡೇ ಇದ್ದಾಗ ‘ಇನ್ನರ್’ ಸಾಕು. ಮೂರು ಅಥವಾ ಜಾಸ್ತಿ ಇದ್ದರೆ ‘ಇನ್ನರ್‌ಮೋಸ್ಟ್’. ಇದನ್ನು ಬಿಗಿಯಾಗಿ ಪಾಲಿಸದವರೂ ಇದ್ದಾರೆ, ಆದರೆ ಕಲಿಯುವ ಹೊತ್ತಿಗೆ ಈ ಗೆರೆ ಇಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಮಕ್ಕಳಲ್ಲಿ ತುಂಬ ಮಂದಿ ನರ್ಸಿಂಗ್ ಓದಲು ಮಂಗಳೂರಿಗೆ ಹೋಗುತ್ತಾರೆ. ಕನ್ನಡ ಮೀಡಿಯಂನಿಂದ ಹೋದವರಿಗೆ ಮೊದಲ ವರ್ಷ ಈ ಪದ ಮೇಲಿಂದ ಮೇಲೆ ಎದುರಾಗುತ್ತದೆ. ಮಿದುಳಿನ ಸುತ್ತ ಮೂರು ಪೊರೆಗಳು. ಹೊರಗೆ ಡ್ಯೂರಾ ಮೇಟರ್, ನಡುವೆ ಅರಕ್ನಾಯ್ಡ್, ಇನ್ನರ್‌ಮೋಸ್ಟ್ ಅಂದರೆ ಪಯಾ ಮೇಟರ್. ಕಿವಿಯ ಮೂರು ಪುಟ್ಟ ಮೂಳೆಗಳಲ್ಲಿ ಎಲ್ಲಕ್ಕಿಂತ ಒಳಗಿನದು ಸ್ಟೇಪಿಸ್. ರಕ್ತನಾಳದ ಗೋಡೆಗೂ ಮೂರು ಪದರ, ಒಳಗಿನದಕ್ಕೆ ಟ್ಯೂನಿಕಾ ಇಂಟಿಮಾ ಎಂದು ಹೆಸರು. ಈ ‘ಇಂಟಿಮಾ’ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಇಲ್ಲೆಲ್ಲ ಭಾವನೆಯ ಸೋಂಕೇ ಇಲ್ಲ. ಬಾಳೆದಿಂಡಿನ ಲೆಕ್ಕವೇ.

ದೇವಸ್ಥಾನ ನಮಗೆ ಇನ್ನೂ ಹತ್ತಿರದ ಉದಾಹರಣೆ. ಮಧೂರಿಗೆ ಹೋಗಿದ್ದರೆ ಗೊತ್ತಿರುತ್ತದೆ. ಹೊರಗಿನ ಅಂಗಳ ದಾಟಿ, ಸುತ್ತುಪೌಳಿ ದಾಟಿ, ಮಂಟಪ ದಾಟಿ ನಿಂತರೆ ಎದುರಿಗೆ ಗರ್ಭಗುಡಿ. ಒಂದೊಂದು ಹೊಸ್ತಿಲಿಗೂ ಬೆಳಕು ಕಡಿಮೆಯಾಗುತ್ತದೆ, ಜನರೂ ಕಡಿಮೆ. ಕೊನೆಯ ಹೊಸ್ತಿಲನ್ನು ದಾಟುವುದು ಅರ್ಚಕರು ಮಾತ್ರ. ಇಂಗ್ಲಿಷಿನಲ್ಲಿ ಇದನ್ನು ‘ಇನ್ನರ್‌ಮೋಸ್ಟ್ ಚೇಂಬರ್’ ಅಥವಾ ‘ಇನ್ನರ್‌ಮೋಸ್ಟ್ ಶ್ರೈನ್’ ಎನ್ನಬಹುದು. ಮನಸ್ಸಿನ ವಿಷಯಕ್ಕೆ ಈ ಪದ ಯಾಕೆ ಬಂತು ಎನ್ನುವುದು ಇಲ್ಲಿ ನಿಂತರೆ ತಾನಾಗಿ ತಿಳಿಯುತ್ತದೆ. ಎಲ್ಲಕ್ಕಿಂತ ಒಳಗಿನ ಜಾಗಕ್ಕೆ ಎಲ್ಲರಿಗೂ ಪ್ರವೇಶ ಇಲ್ಲ.

ನಾಲ್ಕನೆಯ ಹೆಜ್ಜೆ: ಬಾವಿಯೋ ಸುರಂಗವೋ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಇದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ನಮ್ಮ ಅಜ್ಜನ ಮನೆಯಲ್ಲಿ ಬಾವಿಯೂ ಇತ್ತು, ಸುರಂಗವೂ ಇತ್ತು. ಸುರಂಗ ನೋಡದವರಿಗೆ ಹೇಳುತ್ತೇನೆ. ಕಾಸರಗೋಡಿನ ಈ ಕಡೆ, ದಕ್ಷಿಣ ಕನ್ನಡದ ಆ ಕಡೆ, ಕೆಂಪುಕಲ್ಲಿನ ಗುಡ್ಡಗಳಿಗೆ ಅಡ್ಡಲಾಗಿ ಕೊರೆದು ನೀರು ತರುವ ಕ್ರಮ ಇದೆ. ಒಬ್ಬ ಮನುಷ್ಯ ನಿಂತು ಅಗೆಯುವಷ್ಟು ಎತ್ತರ, ಒಬ್ಬನೇ ಹೋಗುವಷ್ಟು ಅಗಲ. ಅಗೆಯುವವರು ಉದ್ದವನ್ನು ಕೋಲಿನಲ್ಲಿ ಹೇಳುತ್ತಾರೆ. ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಒಳಗೆ ಹೋಗುವಾಗ ಮೇಣದಬತ್ತಿ ಹಚ್ಚಿಕೊಳ್ಳುತ್ತಾರೆ. ಅದು ಬೆಳಕಿಗೂ ಹೌದು, ಗಾಳಿ ಸಾಕಷ್ಟು ಇದೆಯೋ ಇಲ್ಲವೋ ತಿಳಿಯಲಿಕ್ಕೂ ಹೌದು. ಬತ್ತಿ ಮಂಕಾದರೆ ಹಿಂದೆ ಬರಬೇಕು. ಗುಡ್ಡದ ಹೊಟ್ಟೆಯಲ್ಲಿ ಕಲ್ಲಿನ ಸಂದಿನಿಂದ ನೀರು ಜಿನುಗುತ್ತದೆ. ಪಂಪು ಬೇಡ, ಹಗ್ಗ ಬೇಡ. ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಚಿಕ್ಕವಳಿದ್ದಾಗ ಅಜ್ಜನ ಕೈ ಹಿಡಿದು ಬಾಯಿಯಲ್ಲಿ ನಿಂತು ಇಣುಕಿದ್ದೇನೆ. ಹತ್ತು ಹೆಜ್ಜೆ ಕಾಣುತ್ತದೆ, ಆಮೇಲೆ ಕತ್ತಲು. ಎಲ್ಲೋ ಒಳಗೆ ತೊಟ್ಟು ತೊಟ್ಟು ನೀರಿನ ಸದ್ದು ಮಾತ್ರ.

ಬಾವಿಯ ತಳಕ್ಕೆ ಇಂಗ್ಲಿಷಿನಲ್ಲಿ ‘ಡೀಪೆಸ್ಟ್’. ಸುರಂಗದ ಆ ತುದಿಗೆ ‘ಇನ್ನರ್‌ಮೋಸ್ಟ್’. ಒಂದು ಕೆಳಗೆ ಹೋಗುತ್ತದೆ, ಇನ್ನೊಂದು ಒಳಗೆ ಹೋಗುತ್ತದೆ. ಬಾವಿಯ ಬಗ್ಗೆ ನಾವು ಕೇಳುವುದು ‘ಎಷ್ಟು ಆಳ?’ ಎಂದು. ಸುರಂಗದ ಬಗ್ಗೆ ‘ಒಳಗೆ ಏನಿದೆ?’ ಎಂದು.

ಮನಸ್ಸಿನ ವಿಷಯಕ್ಕೆ ಬಂದಾಗಲೂ ಇದೇ ವ್ಯತ್ಯಾಸ ಕೆಲಸ ಮಾಡುತ್ತದೆ. ‘ಡೀಪೆಸ್ಟ್ ಫಿಯರ್’ ಎಂದರೆ ಭಯದ ತೂಕದ ಕಡೆಗೆ ಒತ್ತು. ಅಷ್ಟು ದೊಡ್ಡ ಭಯ. ‘ಇನ್ನರ್‌ಮೋಸ್ಟ್ ಫಿಯರ್ಸ್’ ಎಂದರೆ ಗುಟ್ಟಿನ ಕಡೆಗೆ ಒತ್ತು. ಯಾರಿಗೂ ತೋರಿಸದೆ ಇಟ್ಟುಕೊಂಡ ಭಯ. ಅದು ಸಣ್ಣದೇ ಇರಬಹುದು. ಆದರೆ ಅದನ್ನು ಹೇಳಬೇಕಾದರೆ ಎಷ್ಟೋ ಬಾಗಿಲು ತೆರೆಯಬೇಕು. ಎಷ್ಟೋ ವಾಕ್ಯಗಳಲ್ಲಿ ಎರಡೂ ನಡೆಯುತ್ತವೆ. ಆದರೆ ಯಾವುದನ್ನು ಆರಿಸಿದಿರಿ ಎಂಬುದರ ಮೇಲೆ ಓದುವವರ ಕಣ್ಣು ಬೇರೆ ಕಡೆ ಹೋಗುತ್ತದೆ.

‘ಪ್ರೊಫೌಂಡ್’ ಎಂಬ ಇನ್ನೊಂದು ದೊಡ್ಡ ಪದ ಇದೆಯಲ್ಲ, ಅದು ನೇರವಾಗಿ ಬಾವಿಯ ಕಡೆಯದು. ಲ್ಯಾಟಿನ್‌ನಲ್ಲಿ ‘ಫುಂಡುಸ್’ ಎಂದರೆ ತಳ. ಹಾಗಾಗಿ ಗಾಢ ಪರಿಣಾಮ, ಗಾಢ ಮೌನ, ಗಾಢ ದುಃಖ, ಇವಕ್ಕೆ ಪ್ರೊಫೌಂಡ್ ಸರಿ. ‘ಇನ್ನರ್‌ಮೋಸ್ಟ್ ಎಫೆಕ್ಟ್’ ಎಂದು ಯಾರೂ ಹೇಳುವುದಿಲ್ಲ.

ಸನ್ಮಾನ ಸಮಾರಂಭದ ಇಂಗ್ಲಿಷ್ ಭಾಷಣಗಳಲ್ಲಿ ‘ಇನ್ನರ್‌ಮೋಸ್ಟ್ ಥ್ಯಾಂಕ್ಸ್’ ಎಂದು ಬರೆಯುವವರಿದ್ದಾರೆ. ‘ಹೃತ್ಪೂರ್ವಕ’ ಎಂಬ ಪದ ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು ಅದು. ಸುರಂಗವನ್ನು ನೆನೆಸಿಕೊಂಡರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತದೆ. ವಂದನೆ ಇನ್ನೊಬ್ಬರ ಕೈಗೆ ಕೊಡುವಂಥದ್ದು. ಒಳಗೆ ಅಡಗಿಸಿ ಇಡುವಂಥದ್ದಲ್ಲ. ಅಲ್ಲಿ ‘ಹಾರ್ಟ್‌ಫೆಲ್ಟ್’ ಅಥವಾ ‘ಡೀಪೆಸ್ಟ್’ ಬರೆಯಿರಿ. ಸಂತಾಪದ ಪತ್ರಕ್ಕೂ ಇದೇ ಮಾತು.

ಐದನೆಯ ಹೆಜ್ಜೆ: ಜೊತೆಗಾರರನ್ನು ಗುರುತು ಮಾಡಿಕೊಳ್ಳಿ

ಪದ ಒಂಟಿಯಾಗಿ ಓಡಾಡುವುದಿಲ್ಲ. ಈ ಪದದ ಜೊತೆ ಹೆಚ್ಚಾಗಿ ಕಾಣುವವು ಥಾಟ್ಸ್, ಫೀಲಿಂಗ್ಸ್, ಸೀಕ್ರೆಟ್ಸ್, ಡಿಸೈರ್ಸ್, ಫಿಯರ್ಸ್. ಇವು ಹೆಚ್ಚಾಗಿ ಬಹುವಚನದಲ್ಲೇ ಬರುತ್ತವೆ. ಸೆಲ್ಫ್, ಬೀಯಿಂಗ್, ಸೋಲ್ ಇವು ಏಕವಚನದಲ್ಲಿ. ಮುಂದೆ ಯಾರದು ಎಂದು ಹೇಳುವ ಪದ ಬೇಕು. ಮೈ, ಹರ್, ಹಿಸ್, ದೇರ್. ಮನಸ್ಸಿನ ವಿಷಯ ಅಂದಮೇಲೆ ಅದಕ್ಕೆ ಒಬ್ಬ ಯಜಮಾನ ಇರಲೇಬೇಕು. ಗ್ರಹ, ಪದರ, ಕೋಣೆಗಳಿಗೆ ಯಜಮಾನ ಬೇಕಿಲ್ಲ, ಅಲ್ಲಿ ‘ದಿ’ ಸಾಕು.

ಕ್ರಿಯಾಪದಗಳಲ್ಲಿ ಶೇರ್, ರಿವೀಲ್, ಹೈಡ್ ಚೆನ್ನಾಗಿ ಹೊಂದುತ್ತವೆ. ಬಾಗಿಲು ತೆರೆಯುವ ಮತ್ತು ಮುಚ್ಚುವ ಕೆಲಸದ ಪದಗಳು ಇವು.

ಮನುಷ್ಯರಿಗೆ ನೇರವಾಗಿ ಹಚ್ಚಬೇಡಿ. ‘ಮೈ ಇನ್ನರ್‌ಮೋಸ್ಟ್ ಫ್ರೆಂಡ್’ ತಪ್ಪು, ‘ಕ್ಲೋಸೆಸ್ಟ್ ಫ್ರೆಂಡ್’ ಸರಿ. ಆದರೆ ‘ಇನ್ನರ್‌ಮೋಸ್ಟ್ ಸರ್ಕಲ್’ ಎನ್ನಬಹುದು. ವೃತ್ತದೊಳಗೆ ವೃತ್ತ ಇದೆ ಎಂದು ಕಾಣುತ್ತದೆ, ಹಾಗಾಗಿ. ನಾಮಪದದ ಮುಂದೆಯೇ ಇದರ ಜಾಗ. ‘ಹರ್ ಥಾಟ್ಸ್ ವರ್ ಇನ್ನರ್‌ಮೋಸ್ಟ್’ ಎಂದು ಕೊನೆಗೆ ತಂದರೆ ಕಿವಿಗೆ ಒಗ್ಗುವುದಿಲ್ಲ.

ದಿನದ ಮಾತಿಗೆ ಇದು ಸ್ವಲ್ಪ ಭಾರ. ಅಂಗಡಿಯಲ್ಲಿ, ಫೋನಿನಲ್ಲಿ ಯಾರೂ ಬಳಸುವುದಿಲ್ಲ. ಬರವಣಿಗೆಯಲ್ಲಿ, ಅದೂ ಒಂದು ಪ್ರಬಂಧಕ್ಕೆ ಒಂದು ಸಲ ಬಂದರೆ ಚಂದ.

ಆರನೆಯ ಹೆಜ್ಜೆ: ಅಕ್ಕಪಕ್ಕದ ಪದಗಳಿಂದ ಬೇರೆ ಮಾಡಿ

‘ಇಂಟರ್ನಲ್’ ಎಂದರೆ ಸುಮ್ನೆ ಒಳಗಿನದು. ಇಂಟರ್ನಲ್ ಮಾರ್ಕು, ಇಂಟರ್ನಲ್ ಪರೀಕ್ಷೆ. ಅದರಲ್ಲಿ ಗುಟ್ಟೂ ಇಲ್ಲ, ಭಾವವೂ ಇಲ್ಲ. ‘ಇನ್‌ವರ್ಡ್’ ಎಂದರೆ ಒಳಮುಖ. ಅದು ದಿಕ್ಕು ಹೇಳುತ್ತದೆ, ಮುಟ್ಟಿದ ಜಾಗವನ್ನಲ್ಲ. ಆಫೀಸಿನ ಇನ್‌ವರ್ಡ್ ರಿಜಿಸ್ಟರ್ ಎಲ್ಲರಿಗೂ ಗೊತ್ತು, ಒಳಗೆ ಬಂದ ಕಾಗದಗಳ ಲೆಕ್ಕ.

‘ಇಂಟಿಮೇಟ್’ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ಕೂರಬೇಕು. ರಕ್ತನಾಳದ ‘ಇಂಟಿಮಾ’ ನೆನಪಿದೆಯಲ್ಲ? ಲ್ಯಾಟಿನ್‌ನ ‘ಇಂಟಿಮುಸ್’ ಎಂದರೆ ಎಲ್ಲಕ್ಕಿಂತ ಒಳಗಿನ ಎಂದೇ ಅರ್ಥ. ಅಂದರೆ ಮೂಲದಲ್ಲಿ ಇಂಟಿಮೇಟ್ ಮತ್ತು ಇನ್ನರ್‌ಮೋಸ್ಟ್ ಒಂದೇ ಮಾತು, ಒಂದು ಲ್ಯಾಟಿನ್‌ನಿಂದ ಬಂತು, ಇನ್ನೊಂದು ಇಂಗ್ಲಿಷಿನ ಸ್ವಂತ ಮಣ್ಣಿನದು. ಈಗ ದಾರಿ ಬೇರೆ ಆಗಿದೆ. ಇಂಟಿಮೇಟ್ ಎಂದರೆ ಇಬ್ಬರ ನಡುವಿನ ಆಪ್ತತೆ. ಇನ್ನರ್‌ಮೋಸ್ಟ್ ಎಂದರೆ ಒಬ್ಬರ ಒಳಗಿನದು. ನಮ್ಮ ಆಫೀಸಿನ ಪತ್ರಗಳಲ್ಲಿ ಬರುವ ‘ಕೈಂಡ್ಲಿ ಇಂಟಿಮೇಟ್’, ಅಂದರೆ ‘ದಯವಿಟ್ಟು ತಿಳಿಸಿ’, ಅದರ ಮೂಲವೂ ಇದೇ. ಒಳಗಿನದನ್ನು ಇನ್ನೊಬ್ಬರಿಗೆ ತಿಳಿಯಪಡಿಸುವುದು. ವರ್ಷಗಟ್ಟಲೆ ಆ ಪದ ಬರೆದವರಿಗೂ ಇದು ಗೊತ್ತಿರುವುದಿಲ್ಲ. ಗೊತ್ತಾದ ದಿನ ನನಗಂತೂ ತುಂಬ ಸಂತೋಷವಾಗಿತ್ತು.

ಏಳನೆಯ ಹೆಜ್ಜೆ: ಕನ್ನಡಕ್ಕೆ ತರುವಾಗ ಒಂದೇ ಪದಕ್ಕೆ ಜೋತುಬೀಳಬೇಡಿ

ಮೊದಮೊದಲು ನಾನು ಮಕ್ಕಳಿಗೆ ಇನ್ನರ್‌ಮೋಸ್ಟ್ ಎಂದರೆ ‘ಅಂತರಾಳದ’ ಎಂದೇ ಬರೆಸುತ್ತಿದ್ದೆ. ಆಮೇಲೆ ಆ ಪದವನ್ನೇ ಹುಡುಕಿಕೊಂಡು ಹೋದೆ. ಸಂಸ್ಕೃತದಲ್ಲಿ ಅಂತರಾಳ ಎಂದರೆ ನಡುವಿನ ಜಾಗ. ದೇವಸ್ಥಾನ ಕಟ್ಟುವವರ ಭಾಷೆಯಲ್ಲಿ ಮಂಟಪಕ್ಕೂ ಗರ್ಭಗುಡಿಗೂ ನಡುವೆ ಇರುವ ಸಣ್ಣ ಜಾಗಕ್ಕೆ ಅಂತರಾಳ ಎಂದು ಹೆಸರು. ಅಂದರೆ ಗರ್ಭಗುಡಿಯ ಬಾಗಿಲ ತನಕ ಬಂದಿದ್ದೇವೆ, ಒಳಗೆ ಹೋಗಿಲ್ಲ! ಈಗಿನ ಕನ್ನಡದಲ್ಲಿ ಅದಕ್ಕೆ ‘ಮನಸ್ಸಿನ ಆಳ’ ಎಂಬ ಅರ್ಥವೇ ಗಟ್ಟಿಯಾಗಿದೆ, ಬಳಸಿದರೆ ತಪ್ಪೇನಿಲ್ಲ. ಆದರೂ ಎಲ್ಲ ಕಡೆ ಅದನ್ನೇ ಹಾಕುವ ಅಭ್ಯಾಸ ನನಗೆ ಬಿಟ್ಟುಹೋಯಿತು. ಸಂಸ್ಕೃತದ ‘ಅಂತರತಮ’ ಲೆಕ್ಕಕ್ಕೆ ಸರಿಯಾದ ಪದ. ಅದರ ‘ತಮ’ ಇಂಗ್ಲಿಷಿನ ‘ಮೋಸ್ಟ್’ನ ಕೆಲಸವನ್ನೇ ಮಾಡುತ್ತದೆ. ಆದರೆ ಹತ್ತನೆಯ ಕ್ಲಾಸಿನ ಹುಡುಗಿಯ ಡೈರಿಗೆ ಅದು ತೀರಾ ಜಾಸ್ತಿ ಆಯಿತು.

ಇಲ್ಲಿ ನಮಗೆ ಅಕ್ಕಪಕ್ಕದ ಭಾಷೆಗಳು ದಾರಿ ತೋರಿಸುತ್ತವೆ. ಕನ್ನಡದ ‘ಒಳ’, ತುಳುವಿನ ‘ಉಲಾಯಿ’, ಮಲಯಾಳದ ‘ಉಳ್ಳ್’. ಕೇಳಿದರೇ ಒಂದೇ ಮನೆಯವು ಎಂದು ಗೊತ್ತಾಗುತ್ತದೆ. ಮಲಯಾಳದಲ್ಲಿ ‘ಉಳ್ಳಿಂಡೆ ಉಳ್ಳಿಲ್’ ಎನ್ನುತ್ತಾರೆ. ಒಳಗಿನ ಒಳಗೆ ಎಂದು ಅರ್ಥ. ಯಾವ ‘ಅತ್ಯಂತ’ವೂ ಇಲ್ಲದೆ ಇನ್ನರ್‌ಮೋಸ್ಟ್ ಎಂಬುದು ಅಲ್ಲಿ ಬಂದುಬಿಟ್ಟಿದೆ. ಕನ್ನಡದಲ್ಲಿಯೂ ‘ಮನಸ್ಸಿನ ಒಳಗಿನ ಒಳಗೆ’ ಎಂದು ಬರೆದರೆ ಓದುವವರಿಗೆ ತಡೆಯಾಗುವುದಿಲ್ಲ.

ಉಳಿದದ್ದು ಸಂದರ್ಭ ನೋಡಿ. ಪದರದ ಮಾತಾದರೆ ‘ತೀರಾ ಒಳಪದರ’. ಬುಧನ ವಿಷಯವಾದರೆ ‘ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರದ ಗ್ರಹ’. ಅಲ್ಲಿ ‘ಒಳ’ ಎಂಬ ಪದವೇ ಬೇಡ. ನಾಯಕರೊಬ್ಬರ ‘ಇನ್ನರ್‌ಮೋಸ್ಟ್ ಸರ್ಕಲ್’ ಎಂದರೆ ‘ತೀರಾ ಹತ್ತಿರದ ನಾಲ್ಕಾರು ಜನ’. ‘ಇನ್ನರ್‌ಮೋಸ್ಟ್ ಸೀಕ್ರೆಟ್’ ಎಂದರೆ ‘ಯಾರಿಗೂ ಬಾಯಿಬಿಡದ ಗುಟ್ಟು’. ‘ಇನ್ನರ್‌ಮೋಸ್ಟ್ ಡಿಸೈರ್’ ಎಂದರೆ ‘ಮನಸ್ಸಿನಲ್ಲೇ ಇಟ್ಟುಕೊಂಡ ಆಸೆ’. ಗಮನಿಸಿ, ಇಂಗ್ಲಿಷಿನಲ್ಲಿ ಗುಣ ಹೇಳುವ ಪದ ಕನ್ನಡದಲ್ಲಿ ಕೆಲಸ ಹೇಳುವ ಪದವಾಗುತ್ತದೆ. ಬಾಯಿಬಿಡದ, ಇಟ್ಟುಕೊಂಡ, ಹೇಳದ. ಎಷ್ಟು ಒಳಗೆ ಎಂದು ಇಂಗ್ಲಿಷ್ ಅಳೆಯುತ್ತದೆ. ನಾವು ಅದನ್ನು ಯಾರು ಹೇಗೆ ಕಾಪಾಡಿಕೊಂಡರು ಎಂದು ಹೇಳುತ್ತೇವೆ.

ಎಂಟನೆಯ ಹೆಜ್ಜೆ: ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ

ತಿರುಗಿ ಹೋಗುವ ದಾರಿಯಲ್ಲಿ ಎಡವುವುದು ಜಾಸ್ತಿ. ‘ಒಳ’ ಕಂಡಲ್ಲೆಲ್ಲ ಇನ್ನರ್‌ಮೋಸ್ಟ್ ಹಾಕಲು ಬರುವುದಿಲ್ಲ.

‘ಒಳಗೊಳಗೇ ನಕ್ಕಳು’ ಎಂಬುದಕ್ಕೆ ‘ಇನ್‌ವರ್ಡ್‌ಲಿ’ ಅಥವಾ ‘ಟು ಹರ್‌ಸೆಲ್ಫ್’. ‘ಒಳಮನೆ’ ಎಂದರೆ ‘ಇನ್ನರ್ ರೂಮ್’, ಅಷ್ಟೇ. ‘ಮನಬಿಚ್ಚಿ ಮಾತಾಡಿದ’ ಎಂಬುದಕ್ಕೆ ‘ಓಪನ್‌ಲಿ’ ಸಾಕು. ‘ಅಂತರಂಗ ಬಹಿರಂಗ’ ಎಂದು ಜೋಡಿಯಾಗಿ ಬಂದಾಗ ಎರಡೇ ಇವೆ, ಹಾಗಾಗಿ ‘ಇನ್ನರ್’ ಮತ್ತು ‘ಔಟರ್’. ಇನ್ನರ್‌ಮೋಸ್ಟ್ ಬೇಕಾಗುವುದು ‘ಯಾರಿಗೂ’, ‘ಯಾವತ್ತೂ’, ‘ತನಗೇ ತಿಳಿಯದ’ ಎಂಬ ಮಾತುಗಳು ಜೊತೆಗಿದ್ದಾಗ. ಕನ್ನಡದ ವಾಕ್ಯದಲ್ಲಿ ಅಂಥ ಬೀಗ ಕಂಡರೆ ಇಂಗ್ಲಿಷಿನಲ್ಲಿ ಈ ಪದಕ್ಕೆ ಜಾಗ ಇದೆ ಎಂದು ತಿಳಿಯಿರಿ.

ಅಭ್ಯಾಸ: ಒಂದು ಸಂಜೆಗೆ ಸಾಕಾಗುವಷ್ಟು

ಈ ವಾಕ್ಯಗಳನ್ನು ಓದಿ. ಎಲ್ಲಿ ಇನ್ನರ್‌ಮೋಸ್ಟ್, ಎಲ್ಲಿ ಬೇರೆ ಪದ ಎಂದು ಮೊದಲು ನೀವೇ ಹೇಳಿ, ಆಮೇಲೆ ಕೆಳಗೆ ನೋಡಿ.

‘ಈ ಬಾವಿಯ ತಳದಲ್ಲಿ ಬಂಡೆ ಸಿಕ್ಕಿತು.’ ‘ಅಪ್ಪ ತನ್ನ ಭಯವನ್ನು ಯಾರ ಹತ್ತಿರವೂ ಹೇಳಿಕೊಂಡವರಲ್ಲ.’ ‘ಅಡಿಕೆಗೆ ಒಂದರೊಳಗೊಂದು ಎರಡು ಗೋಣಿ ಹಾಕಿದ್ದರು, ಒಳಗಿನ ಗೋಣಿ ಒದ್ದೆಯಾಗಿರಲಿಲ್ಲ.’ ‘ಅವನ ಮಾತು ನನ್ನ ಮೇಲೆ ಗಾಢ ಪರಿಣಾಮ ಬೀರಿತು.’ ‘ಸುರಂಗದ ತುದಿಯಲ್ಲಿ ಮಾತ್ರ ನೀರು ಇತ್ತು.’

ಮೊದಲನೆಯದಕ್ಕೆ ಬಾವಿಯ ಪದವೇ, ‘ಬಾಟಮ್’ ಅಥವಾ ‘ಡೀಪೆಸ್ಟ್’. ಎರಡನೆಯದಕ್ಕೆ ‘ಹಿಸ್ ಇನ್ನರ್‌ಮೋಸ್ಟ್ ಫಿಯರ್ಸ್’ ಸರಿಯಾಗಿ ಕೂರುತ್ತದೆ. ‘ಯಾರ ಹತ್ತಿರವೂ’ ಎಂಬ ಬೀಗ ಅಲ್ಲಿದೆ. ಮೂರನೆಯದರಲ್ಲಿ ಗೋಣಿ ಎರಡೇ, ‘ಇನ್ನರ್’ ಸಾಕು. ನಾಲ್ಕನೆಯದು ಪ್ರೊಫೌಂಡ್. ಐದನೆಯದಕ್ಕೆ ‘ಅಟ್ ದಿ ಇನ್ನರ್‌ಮೋಸ್ಟ್ ಎಂಡ್’ ಎನ್ನಬಹುದು. ‘ಫಾರ್ ಎಂಡ್’ ಎಂದರೂ ನಡೆಯುತ್ತದೆ, ಆದರೆ ಅದರಲ್ಲಿ ದೂರ ಮಾತ್ರ ಇದೆ. ಗುಡ್ಡದ ಒಳಗೆ ಹೋಗಿದ್ದೇವೆ ಎಂಬುದು ಬರುವುದಿಲ್ಲ.

ಆ ಹುಡುಗಿಗೆ ನಾನು ಅನುವಾದ ಬರೆದು ಕೊಡಲಿಲ್ಲ. ಸುರಂಗದ ಮಾತು ಹೇಳಿ ಕಳಿಸಿದೆ. ಮರುದಿನ ಶಾಲೆಗೆ ಹೋಗುವ ಮೊದಲು, ಕೊಡೆ ಮಡಚದೆಯೇ ಜಗಲಿಯ ಬುಡದಲ್ಲಿ ನಿಂತು ನೋಟ್‌ಬುಕ್ ತೋರಿಸಿದಳು. ‘ಯಾರಿಗೂ ಹೇಳದ ಮನಸ್ಸಿನ ಮಾತುಗಳನ್ನೆಲ್ಲ ಅವಳು ಡೈರಿಯಲ್ಲಿ ಬರೆದಿಟ್ಟಳು.’

‘ಅತ್ಯಂತ’ ಹೋಗಿತ್ತು. ‘ಒಳಗಿನ’ ಕೂಡ ಹೋಗಿತ್ತು. ‘ಬರೆದಳು’ ಎಂದಿದ್ದದ್ದು ‘ಬರೆದಿಟ್ಟಳು’ ಆಗಿತ್ತು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ. ‘ಡೈರಿಯನ್ನು ಮುಚ್ಚಿಡುತ್ತಾಳಲ್ಲ ಟೀಚರೇ’ ಎಂದು ಬಸ್ಸಿಗೆ ಓಡಿದಳು.